ಡಬ್ಬ ತುಂಬ ಟ್ರಿಗರು, ಬ್ಯಾಗಲ್ಲಿ ಒಂದು

ನಮ್ಮನೆ ಬೀರುವಲ್ಲಿ ಒಂದು ಹಳೇ ಬಿಸ್ಕೆಟ್ ಡಬ್ಬ ಇದೆ. ಅದ್ರಲ್ಲಿ ಫ್ಲ್ಯಾಶ್ ಟ್ರಿಗರು (ಕ್ಯಾಮೆರಾ ಕ್ಲಿಕ್ ಆದಾಗ ದೂರ ಇರೋ ಫ್ಲ್ಯಾಶನ್ನ ಹಾರಿಸೋ, ಅಂದ್ರೆ ಹೊಳೆಯೋ ಹಾಗೆ ಮಾಡೋ ಸಾಧನ), ಅದರ ಸಿಗ್ನಲ್ ಹಿಡಿಯೋ ರಿಸೀವರು, ಗಂಟು ಬಿದ್ದಿರೋ ಸಿಂಕ್ ಕೇಬಲ್ಲು ಎಲ್ಲ ಸೇರಿ ಒಂದು ಕೆಜಿ ಹತ್ರ ಇರಬಹುದು. ಮೊನ್ನೆ ಮನೆ ಕ್ಲೀನ್ ಮಾಡುವಾಗ ಹೆಂಡತಿ ಅದನ್ನ ತೆಗೆದು "ಏನ್ರೀ ಇದು, ಯಾವ ಟೀವಿ ರಿಮೋಟುಗಳು ಇವೆಲ್ಲ, ಗುಜರಿಗೆ ಹಾಕ್ಲಾ" ಅಂತ ಕೇಳಿದ್ಲು. ಬೇಡ ಅಂದೆ. ಯಾಕೆ ಬೇಡ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ಅದರಲ್ಲಿರೋ ಒಂದನ್ನೂ ನಾನೀಗ ಬಳಸಲ್ಲ. ಬಳಸೋದು ಒಂದೇ ಒಂದು, ಅದು ಕ್ಯಾಮೆರಾ ಬ್ಯಾಗಲ್ಲಿದೆ. ಹೊಸದಾಗಿ ಫ್ಲ್ಯಾಶನ್ನ ಕ್ಯಾಮೆರಾ ತಲೆ ಮೇಲಿಂದ ಇಳಿಸಿ ಪಕ್ಕದಲ್ಲಿ ಇಡೋಣ ಅಂತ ಹೊರಟಿರೋರು ಯಾರಾದ್ರೂ ಯಾವ ಟ್ರಿಗರ್ ತಗೊಳ್ಲಿ ಅಂತ ಕೇಳಿದ್ರೆ ನಾನು ಈ ಡಬ್ಬದ ಕಥೆನೇ ಹೇಳೋದು.

2014ರಲ್ಲಿ ನಿಕಾನ್ ಡಿ5300 ತಗೊಂಡೆ. ಆರು ತಿಂಗಳಾದ್ಮೇಲೆ ಯೋಂಗ್ನುವೊ ವೈಎನ್560 ಮಾರ್ಕ್ 3 ಅನ್ನೋ ಮ್ಯಾನ್ಯುಯಲ್ ಫ್ಲ್ಯಾಶ್ (ಪವರ್ ನಾವೇ ಇಡ್ಬೇಕಾದ್ದು) ಬಂತು. ಆಗ ನನಗೆ ಗೊತ್ತಿದ್ದಿದ್ದು ಒಂದೇ, ಫ್ಲ್ಯಾಶ್ ಪಕ್ಕದಿಂದ ಬಂದ್ರೆ ಮುಖಕ್ಕೆ ಆಕಾರ ಬರುತ್ತೆ, ನೇರ ಬಂದ್ರೆ ಪಾಸ್‌ಪೋರ್ಟ್ ಫೋಟೊ ತರ ಇರುತ್ತೆ. ಪಕ್ಕದಿಂದ ಹಾರಿಸೋದು ಹೇಗೆ ಅಂತ ನೋಡಿದ್ರೆ ಫ್ಲ್ಯಾಶಲ್ಲೇ ಎಸ್1, ಎಸ್2 ಅಂತ ಎರಡು ಮೋಡ್ ಇತ್ತು. ಬೇರೆ ಯಾವುದಾದ್ರೂ ಫ್ಲ್ಯಾಶ್ ಹೊಳೆದಿದ್ದು ಕಂಡ್ರೆ ಇದೂ ಹೊಳೆಯುತ್ತೆ. ಕ್ಯಾಮೆರಾದ ಪಾಪ್ ಅಪ್ ಫ್ಲ್ಯಾಶನ್ನ ಮ್ಯಾನ್ಯುಯಲ್‌ಗೆ ಹಾಕಿ ಪವರ್ 1/32ಕ್ಕೆ ಇಳಿಸಿ ಅದರಿಂದ ಇದನ್ನ ಹಾರಿಸ್ತಿದ್ದೆ. ಪಾಪ್ ಅಪ್ ಟಿಟಿಎಲ್‌ನಲ್ಲಿದ್ರೆ (ಕ್ಯಾಮೆರಾನೇ ಬೆಳಕು ಅಳೆದು ಪವರ್ ಇಡೋ ಮೋಡ್) ಅದು ಅಳತೆ ನೋಡೋಕೆ ಅಂತ ಮೊದಲೇ ಒಂದು ಸಣ್ಣ ಹೊಳಪು ಬಿಡುತ್ತೆ, ಎಸ್1ನಲ್ಲಿರೋ ಫ್ಲ್ಯಾಶ್ ಅದನ್ನೇ ನೋಡಿ ಆಗ್ಲೇ ಹಾರಿಬಿಡುತ್ತೆ, ಫೋಟೊದಲ್ಲಿ ಬೆಳಕೇ ಇರಲ್ಲ. ಆ ಮೊದಲ ಹೊಳಪನ್ನ ಲೆಕ್ಕಕ್ಕೆ ತಗೊಳ್ದೇ ಇರೋಕೆ ಎಸ್2. ಇದು ಅರ್ಥ ಆಗೋಕೆ ನನಗೆ ಎರಡು ಭಾನುವಾರ ಬೇಕಾಯ್ತು.

ಮನೆ ಒಳಗೆ ಇದು ಚೆನ್ನಾಗೇ ನಡೀತಿತ್ತು, ಖರ್ಚು ಸೊನ್ನೆ. ಅಕ್ಕನ ಮಗು ನಾಮಕರಣಕ್ಕೆ ತಗೊಂಡು ಹೋದೆ ನೋಡಿ, ಅಲ್ಲಿ ಬಣ್ಣ ಬಯಲಾಯ್ತು. ಇನ್ನೂ ಇಬ್ಬರು ನೆಂಟರು ಫ್ಲ್ಯಾಶ್ ಇರೋ ಕ್ಯಾಮೆರಾ ತಂದಿದ್ರು, ಅವರು ಕ್ಲಿಕ್ ಮಾಡಿದಾಗೆಲ್ಲ ಮೂಲೆಯಲ್ಲಿದ್ದ ನನ್ನ ಫ್ಲ್ಯಾಶ್ ಹಾರೋದು, ನಾನು ಕ್ಲಿಕ್ ಮಾಡೋ ಹೊತ್ತಿಗೆ ಅದಿನ್ನೂ ಚಾರ್ಜ್ ಆಗ್ತಾ ಇರೋದು. ಸಂಜೆ ತೋಟಕ್ಕೆ ಹೋಗಿ ಮಗುನ ಎತ್ಕೊಂಡು ನಿಲ್ಲಿಸಿದ್ರೆ ಬಿಸಿಲಲ್ಲಿ ಫ್ಲ್ಯಾಶಿಗೆ ಪಾಪ್ ಅಪ್ ಹೊಳೆದಿದ್ದು ಕಾಣ್ಸೋದೇ ಇಲ್ಲ. ಅಡಿಕೆ ಮರದ ಹಿಂದೆ ಇಟ್ರಂತೂ ಮುಗೀತು.

ಹಾಗಾಗಿ ರೇಡಿಯೋ ಟ್ರಿಗರ್ ಬೇಕು ಅಂತ ತೀರ್ಮಾನ ಮಾಡಿ ಆನ್‌ಲೈನಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದು ಅಂತ ಹುಡುಕಿ ಹೆಸರೇ ಇಲ್ಲದ ಒಂದು 433 ಮೆಗಾಹರ್ಟ್ಸ್ ಸೆಟ್ ತರಿಸ್ದೆ. ಒಂದು ಟ್ರಾನ್ಸ್‌ಮಿಟರ್, ಎರಡು ರಿಸೀವರ್. ಕ್ಯಾಮೆರಾ ಮೇಲೆ ಒಂದು, ಫ್ಲ್ಯಾಶ್ ಕೆಳಗೆ ಒಂದು. ಹತ್ತು ಸಲ ಒತ್ತಿದ್ರೆ ಎಂಟು ಸಲ ಹಾರ್ತಿತ್ತು. ಹತ್ತರಲ್ಲಿ ಎಂಟು ಅಂದ್ರೆ ಒಳ್ಳೇ ಮಾರ್ಕ್ಸ್ ಅನ್ಸುತ್ತೆ ಅಲ್ವಾ, ಆದ್ರೆ ಅಜ್ಜಿ ನಕ್ಕಿದ್ದು ಒಂದೇ ಸಲ, ಅದು ಆ ಎರಡರಲ್ಲಿ ಬಿತ್ತು. ಇನ್ನೊಂದು ತೊಂದರೆ ಏನಂದ್ರೆ ಡಿ5300ರ ಸಿಂಕ್ ಸ್ಪೀಡ್, ಅಂದ್ರೆ ಫ್ಲ್ಯಾಶ್ ಜೊತೆ ನಡೆಯೋ ಅತಿ ವೇಗದ ಶಟರ್, 1/200 ಸೆಕೆಂಡ್, ಆದ್ರೆ ಈ ಟ್ರಿಗರ್ ಹಾಕಿದ್ರೆ 1/200ರಲ್ಲಿ ಫೋಟೊದ ಒಂದು ಅಂಚಿಗೆ ಕಪ್ಪು ಪಟ್ಟಿ. ಸಿಗ್ನಲ್ ಹೋಗಿ ಫ್ಲ್ಯಾಶ್ ಹಾರೋ ಅಷ್ಟರಲ್ಲಿ ಶಟರ್‌ನ ಎರಡನೇ ಪರದೆ ಮುಚ್ಚೋಕೆ ಶುರು ಮಾಡಿರುತ್ತೆ, ಅಷ್ಟು ಭಾಗಕ್ಕೆ ಬೆಳಕು ಸಿಗಲ್ಲ. 1/160ಕ್ಕೆ ಇಳಿಸಿದ್ರೆ ಸರಿಹೋಗ್ತಿತ್ತು. ಇದನ್ನ ನೋಡೋಕೆ ಸುಲಭದ ದಾರಿ ಇದೆ, ಯಾವ ಟ್ರಿಗರ್ ತಂದ್ರೂ ಮೊದಲ ದಿನ ನಾನು ಇದನ್ನೇ ಮಾಡೋದು: ರಾತ್ರಿ ಲೈಟ್ ಆರಿಸಿ ಬಿಳಿ ಗೋಡೆ ಕಡೆ ಫ್ಲ್ಯಾಶ್ ತಿರುಗ್ಸಿ 1/125, 1/160, 1/200, 1/250 ಹೀಗೆ ಒಂದೊಂದು ಫೋಟೊ ಹೊಡೆಯೋದು. ಪಟ್ಟಿ ಎಲ್ಲಿಂದ ಶುರು ಆಗುತ್ತೆ ಗೊತ್ತಾಗುತ್ತೆ. ಆಮೇಲೆ ಫ್ಲ್ಯಾಶನ್ನ ತಾರಸಿ ಆ ತುದಿಗಿಟ್ಟು ಸುಮ್ನೆ ಐವತ್ತು ಸಲ ಕ್ಲಿಕ್. ಎಷ್ಟು ತಪ್ಪಿತು ಎಣಿಸ್ಕೊಳ್ಳೋದು. ವಾಪಸ್ ಕಳ್ಸೋ ಗಡುವು ಮುಗಿಯೋದ್ರೊಳಗೆ ಇದು ಮಾಡಿ ಮುಗಿಸ್ಬೇಕು.

ಈಗ ನಗೋ ವಿಷಯ. ಆ ಸೆಟ್ ಜೊತೆ ನಾಲ್ಕೈದು ತಿಂಗಳು ಗುದ್ದಾಡಿದ ಮೇಲೆ ಒಂದು ದಿನ ಕರೆಂಟ್ ಇಲ್ಲದೆ ಬೇಜಾರಾಗಿ ಫ್ಲ್ಯಾಶ್ ಜೊತೆ ಬಂದಿದ್ದ ಮ್ಯಾನ್ಯುಯಲ್ ಓದ್ತಾ ಕೂತಿದ್ದೆ. ಅದರಲ್ಲಿ ಬರೆದಿತ್ತು, ವೈಎನ್560 ಮಾರ್ಕ್ 3ರ ಒಳಗೇ 2.4 ಗಿಗಾಹರ್ಟ್ಸ್ ರಿಸೀವರ್ ಇದೆ ಅಂತ! ಅದೇ ಕಂಪನಿಯ ಆರ್‌ಎಫ್603 ಒಂದನ್ನ ಕ್ಯಾಮೆರಾ ಮೇಲೆ ಕೂರಿಸಿದ್ರೆ ಸಾಕು, ಕೆಳಗೆ ಏನೂ ಬೇಡ. ನಾನು ಇಷ್ಟು ದಿನ ರಿಸೀವರ್ ಇರೋ ಫ್ಲ್ಯಾಶಿಗೆ ಇನ್ನೊಂದು ರಿಸೀವರ್ ಕಟ್ಟಿ ಆಡಿಸ್ತಿದ್ದೆ. ಯಾರಿಗೂ ಹೇಳ್ಲಿಲ್ಲ ಆಗ. ಆರ್‌ಎಫ್603 ಜೋಡಿ ತರಿಸಿ ಹಾಕಿದ ಮೇಲೆ ಹಾರದೇ ಇರೋದು ಅನ್ನೋದೇ ನಿಂತೋಯ್ತು. ಆದ್ರೆ ಅದು ಬರೀ ಹಾರಿಸುತ್ತೆ ಅಷ್ಟೇ, ಪವರ್ ಜಾಸ್ತಿ ಕಮ್ಮಿ ಮಾಡ್ಬೇಕಂದ್ರೆ ಸ್ಟ್ಯಾಂಡ್ ಹತ್ರ ಓಡ್ಬೇಕು. ಎತ್ತರಕ್ಕಿಟ್ಟು ಬೆಳಕು ಮೃದು ಮಾಡೋ ಛತ್ರಿ ಹಾಕಿದ್ರೆ ಸ್ಟೂಲ್ ಹತ್ತಬೇಕು. ಮುಂದಿನ ವರ್ಷ ವೈಎನ್560 ಟಿಎಕ್ಸ್ ಅನ್ನೋ ಕಂಟ್ರೋಲರ್ ತಗೊಂಡೆ, ಕ್ಯಾಮೆರಾ ಮೇಲಿಂದಲೇ ಪವರ್ ಬದಲಾಯಿಸ್ಬಹುದು. ನನ್ನ ಕೇಳಿದ್ರೆ ಹವ್ಯಾಸಕ್ಕೆ ಫೋಟೊ ಹೊಡೆಯೋರಿಗೆ ಟ್ರಿಗರಲ್ಲಿ ಮೊದಲು ಬೇಕಾಗಿರೋ ಸೌಲಭ್ಯ ಇದೇ. ಟಿಟಿಎಲ್ ಅಲ್ಲ, ಎಚ್‌ಎಸ್‌ಎಸ್ (ಸಿಂಕ್ ಸ್ಪೀಡ್ ದಾಟಿದ ಶಟರ್‌ನಲ್ಲೂ ಫ್ಲ್ಯಾಶ್ ನಡೆಸೋದು) ಅಲ್ಲ, ಬ್ಲೂಟೂತ್ ಅಂತೂ ಅಲ್ಲವೇ ಅಲ್ಲ. ಎದುರಿಗೆ ಕೂತಿರೋ ಮನುಷ್ಯ ಬೇಜಾರಾಗೋ ಮೊದಲು ಬೆಳಕು ಸರಿ ಮಾಡ್ಕೊಳ್ಳೋಕೆ ಆಗ್ಬೇಕು.

ಮಧ್ಯೆ ಒಂದು ರಿಸೀವರ್ ಸತ್ತಿದ್ದು ಹೀಗೆ. ದೊಡ್ಡಪ್ಪನ ಫಿಲ್ಮ್ ಕಾಲದ ಒಂದು ದಪ್ಪ ಫ್ಲ್ಯಾಶ್ ಅಟ್ಟದಲ್ಲಿ ಸಿಕ್ತು, ಸೆಲ್ ಹಾಕಿದ್ರೆ ಕೀಂ ಅಂತ ಶಬ್ದ ಮಾಡಿ ಚಾರ್ಜೂ ಆಯ್ತು, ಖುಷಿಯಿಂದ ರಿಸೀವರ್ ಮೇಲೆ ಕೂರಿಸ್ದೆ, ಒಂದು ಸಲ ಹಾರ್ತು, ಆಮೇಲೆ ರಿಸೀವರ್ ಏಳ್ಲೇ ಇಲ್ಲ. ಮಲ್ಟಿಮೀಟರಲ್ಲಿ ನೋಡಿದ್ರೆ ಅದರ ಟ್ರಿಗರ್ ವೋಲ್ಟೇಜ್ ಇನ್ನೂರರ ಮೇಲಿತ್ತು. ಈಗಿನ ಫ್ಲ್ಯಾಶ್‌ಗಳಲ್ಲಿ ಅದು ಕೆಲವೇ ವೋಲ್ಟು. ಸದ್ಯ, ಅದನ್ನ ನೇರ ಕ್ಯಾಮೆರಾ ಮೇಲೆ ಕೂರಿಸ್ಲಿಲ್ಲ.

2018ರಲ್ಲಿ ಕ್ಯಾಮೆರಾ ಬಾಡಿ ಬದಲಾಯಿಸಿ ನಿಕಾನ್ ಡಿ7500ಗೆ ಹೋದೆ. ಕಾರಣ ಬೇರೆ ಇತ್ತು, ಆದ್ರೆ ಟ್ರಿಗರ್ ವಿಷಯಕ್ಕೂ ಸಂಬಂಧ ಇದೆ. ಅದಕ್ಕೂ ಒಂದು ವರ್ಷ ಮುಂಚೆ ಎಚ್‌ಎಸ್‌ಎಸ್ ಇರೋ ಟ್ರಿಗರ್ ಅಂತ ಜಾಸ್ತಿ ದುಡ್ಡು ಕೊಟ್ಟು ಒಂದು ತಗೊಂಡಿದ್ದೆ, ಬಿಸಿಲಲ್ಲಿ 1/1000ದಲ್ಲಿ ಫ್ಲ್ಯಾಶ್ ಹಾರಿಸಿ ಹಿಂದಿನ ಆಕಾಶ ನೀಲಿ ಬರ್ಸೋಣ ಅಂತ. ಕ್ಯಾಮೆರಾ 1/200 ದಾಟಿ ಮೇಲೆ ಹೋಗೋಕೇ ಒಪ್ಪಲಿಲ್ಲ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆಟೋ ಎಫ್‌ಪಿ ಅನ್ನೋದೇ ಇಲ್ಲ, ನಿಕಾನ್‌ನಲ್ಲಿ ಎಚ್‌ಎಸ್‌ಎಸ್‌ಗೆ ಹಾಗಂತಾರೆ. ಬಾಡಿಯಲ್ಲಿ ಇಲ್ಲದ್ದು ಟ್ರಿಗರ್‌ನಿಂದ ಬರುತ್ತಾ? ಮೆನು ತೆಗೆದು ಎರಡು ನಿಮಿಷ ನೋಡಿದ್ರೆ ಗೊತ್ತಾಗೋ ವಿಷಯ. ಕ್ಯಾನನ್ ಇಟ್ಕೊಂಡಿರೋರಿಗೆ ಇದಕ್ಕಿಂತ ದೊಡ್ಡ ವಿಷಯ ಒಂದಿದೆ. 1500ಡಿ, 3000ಡಿ, 200ಡಿ ಮಾರ್ಕ್ 2, ನಮ್ಮ ಕಡೆ ಹೊಸಬರ ಕೈಯಲ್ಲಿ ಜಾಸ್ತಿ ಕಾಣೋ ಬಾಡಿಗಳೇ ಇವು, ಇವುಗಳ ಹಾಟ್ ಶೂನಲ್ಲಿ (ತಲೆ ಮೇಲೆ ಫ್ಲ್ಯಾಶ್ ಕೂರಿಸೋ ಜಾಗ) ಮಧ್ಯದ ದೊಡ್ಡ ಕಾಂಟ್ಯಾಕ್ಟ್ ಇಲ್ಲ. ಸಾದಾ ಮ್ಯಾನ್ಯುಯಲ್ ಟ್ರಿಗರ್‌ಗಳು ಹಾರೋದೇ ಆ ಒಂದು ಕಾಂಟ್ಯಾಕ್ಟ್‌ನಿಂದ. ಹಾಗಾಗಿ ಅಂಥ ಟ್ರಿಗರ್ ತಂದು ಕೂರಿಸಿದ್ರೆ ಏನೂ ಆಗಲ್ಲ, ಕ್ಯಾನನ್ ಭಾಷೆಯಲ್ಲೇ ಮಾತಾಡೋ, ಈ ಬಾಡಿಗಳಿಗೆ ನಡೆಯುತ್ತೆ ಅಂತ ಸ್ಪಷ್ಟವಾಗಿ ಬರೆದಿರೋ ಟಿಟಿಎಲ್ ಟ್ರಿಗರೇ ಬೇಕು, ಕೆಲವಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಕೂಡ ಮಾಡ್ಬೇಕು. ಅಂಗಡಿಗೆ ಹೋಗೋ ಮುಂಚೆ ಕ್ಯಾಮೆರಾ ತಲೆ ಮೇಲೆ ಒಂದ್ಸಲ ಕಣ್ಣು ಹಾಯಿಸಿ.

ಕೊನೆಗೆ ನಿಂತಿದ್ದು ಗೋಡಾಕ್ಸ್ ಕಂಪನಿಯಲ್ಲಿ. ಎರಡು ಟಿಟಿ600 ಫ್ಲ್ಯಾಶ್, ಕ್ಯಾಮೆರಾ ಮೇಲೆ ಅವರದೇ ನಿಕಾನ್‌ಗೆ ಆಗೋ ಎಕ್ಸ್‌ಪ್ರೊ ಟ್ರಿಗರ್. ಇದೇ ಅತ್ಯುತ್ತಮ ಅಂತ ಅಲ್ಲ, ನನ್ನ ಲೆಕ್ಕ ಬೇರೆ ಇತ್ತು. ಟಿಟಿ600ಗೆ ರಿಸೀವರ್ ಒಳಗೇ ಇದೆ, ಸೋನಿ ಬಿಟ್ಟು ಉಳಿದ ಕ್ಯಾಮೆರಾಗಳಿಗೆಲ್ಲ ಒಂದೇ ಮಾಡೆಲ್, ಬದಲಾಗೋದು ಕ್ಯಾಮೆರಾ ಮೇಲಿನ ಟ್ರಿಗರ್ ಮಾತ್ರ. ನನ್ನ ಜೊತೆ ಭಾನುವಾರ ಸುತ್ತೋ ಗೆಳೆಯನ ಹತ್ರ ಕ್ಯಾನನ್ ಇದೆ. ಅವನು ಕ್ಯಾನನ್‌ಗೆ ಆಗೋ ಗೋಡಾಕ್ಸ್ ಟ್ರಿಗರ್ ಇಟ್ಕೊಂಡ, ಈಗ ಅವನದೆರಡು ನನ್ನದೆರಡು ಫ್ಲ್ಯಾಶ್ ಸೇರಿಸಿ ನಾಲ್ಕನ್ನ ಯಾರು ಬೇಕಾದ್ರೂ ಹಾರಿಸ್ಬಹುದು. ಮುಂದೆ ದುಡ್ಡಾದ್ರೆ ಅದೇ ಟ್ರಿಗರ್ ಎಡಿ200 ಅನ್ನೋ ದೊಡ್ಡ ಫ್ಲ್ಯಾಶನ್ನೂ ಹಾರಿಸುತ್ತೆ, ಹೊಸದು ಬೇಡ. ಟಿಟಿ600ಗೆ ಟಿಟಿಎಲ್ ಇಲ್ಲ, ನನಗೆ ಬೇಕಾಗ್ಲಿಲ್ಲ. ಕೂತಿರೋ ಮನುಷ್ಯನಿಗೂ ಫ್ಲ್ಯಾಶಿಗೂ ದೂರ ಬದಲಾಗದೇ ಇದ್ರೆ ಒಂದ್ಸಲ ಪವರ್ ಸರಿ ಮಾಡಿದ್ರೆ ಕೊನೇವರೆಗೂ ಅದೇ. ಮನೆ ತುಂಬ ಓಡಾಡೋ ಮಕ್ಕಳ ಹಿಂದೆ ಓಡೋರಿಗೆ ಟಿಟಿಎಲ್ ಬೇಕಾಗುತ್ತೆ, ಅವರು ಟಿಟಿ685 ತರದ್ದು ನೋಡ್ಲಿ. ಎಚ್‌ಎಸ್‌ಎಸ್ ಈಗ ಡಿ7500ರಲ್ಲಿ ನಡೆಯುತ್ತೆ. ಆದ್ರೆ ನಾನು ಅಂದ್ಕೊಂಡಷ್ಟು ಮಜಾ ಇಲ್ಲ, ಎಚ್‌ಎಸ್‌ಎಸ್‌ಗೆ ಹೋದ ತಕ್ಷಣ ಬೆಳಕಿನ ಶಕ್ತಿ ಕಾಲು ಭಾಗಕ್ಕೋ ಇನ್ನೂ ಕಮ್ಮಿಗೋ ಇಳಿಯುತ್ತೆ, ಮಧ್ಯಾಹ್ನದ ಬಿಸಿಲಿಗೆ ಒಂದು ಸಣ್ಣ ಫ್ಲ್ಯಾಶ್ ಎದೆ ಕೊಡಲ್ಲ. ಸಂಜೆ ನಾಲ್ಕೂವರೆ ಮೇಲೆ ನೋಡ್ಕೋಬೇಕು.

ಇನ್ನೊಂದು ಮದುವೆ ಕಥೆ ಹೇಳ್ಬೇಕು. ಚಿಕ್ಕಪ್ಪನ ಮಗನ ಮದುವೆ, ಛತ್ರದಲ್ಲಿ ಕರೆಸಿದ್ದ ಫೋಟೊಗ್ರಾಫರ್ ಬೇರೆ ಇದ್ರು, ನಾನು ಸುಮ್ನೆ ಪಕ್ಕದಲ್ಲಿ ನನ್ನ ಒಂದು ಫ್ಲ್ಯಾಶ್ ಇಟ್ಕೊಂಡು ಊಟದ ಮನೆ ಕಡೆ ಹೊಡೀತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಹುಡುಗ ಓಡಿ ಬಂದ. "ಸಾರ್, ನಿಮ್ದು ಚಾನೆಲ್ ಎಷ್ಟು ಸಾರ್? ನೀವು ಊಟದ ಮನೇಲಿ ಕ್ಲಿಕ್ ಮಾಡಿದ್ರೆ ಮಂಟಪದಲ್ಲಿ ನಮ್ ಸಾಫ್ಟ್‌ಬಾಕ್ಸ್ ಹಾರ್ತಿದೆ." ಇಬ್ಬರದ್ದೂ ಅದೇ ಕಂಪನಿ, ಇಬ್ಬರೂ ಹೊಸದಾಗಿ ಬಂದಾಗಿನ ಚಾನೆಲ್ 1ರಲ್ಲೇ ಇದ್ವಿ. ಧಾರೆ ಹೊತ್ತಲ್ಲಿ ಆಗಿದ್ರೆ ಚಿಕ್ಕಪ್ಪ ನನ್ನ ಮಾತಾಡಿಸ್ತಿರ್ಲಿಲ್ಲ. ಈಗ ಚಾನೆಲ್ ಬೇರೆ ಇಟ್ಟು, ಅದರ ಮೇಲೆ ಐಡಿ ಅಂತ 1ರಿಂದ 99ರವರೆಗೆ ಒಂದು ನಂಬರ್ ಕೊಡೋಕಾಗುತ್ತೆ, ಅದನ್ನೂ ಹಾಕಿದ್ದೀನಿ. ಫ್ಲ್ಯಾಶಲ್ಲೂ ಟ್ರಿಗರಲ್ಲೂ ಎರಡೂ ಕಡೆ ಒಂದೇ ಇರ್ಬೇಕು, ಒಂದು ಕಡೆ ಮರೆತ್ರೆ ಹಾರಲ್ಲ, ಆಗ ಸೆಲ್ ಹೋಯ್ತೇನೋ ಅಂತ ಬದಲಾಯಿಸ್ತಾ ಕೂರ್ತೀವಿ.

ಮಳೆಗಾಲದಲ್ಲಿ ನನಗೆ ಇನ್ನೊಂದು ಹುಚ್ಚು ಇದೆ, ರಾತ್ರಿ ಮನೆ ಹಿಂದಿನ ಹೊಂಡದ ಹತ್ರ ಕಪ್ಪೆ ಫೋಟೊ. ಎಡಗೈಯಲ್ಲಿ ಫ್ಲ್ಯಾಶ್, ಬಲಗೈಯಲ್ಲಿ ಕ್ಯಾಮೆರಾ, ಬಾಯಲ್ಲಿ ಟಾರ್ಚು. ಮೊದಲ ರಾತ್ರಿ ಟ್ರಿಗರ್ ಐದು ಸಲಕ್ಕೆ ಒಂದು ಸಲ ಹಾರ್ತಿತ್ತು. ತಾರಸಿ ಆಚೆ ತುದಿಯಲ್ಲಿ ಐವತ್ತಕ್ಕೆ ಐವತ್ತು ಹಾರಿದ್ದು ಇಲ್ಲಿ ಒಂದು ಮೊಳ ದೂರದಲ್ಲಿ ಹಾರಲ್ಲ ಅಂದ್ರೆ ಏನ್ ಅರ್ಥ? ನೀರು ಹೋಗಿದೆ ಅಂದ್ಕೊಂಡು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ, ಮಾರನೇ ದಿನ ತಾರಸಿ ಮೇಲೆ ಸರಿಯಾಗಿತ್ತು, ಹೊಂಡದ ಹತ್ರ ಮತ್ತೆ ಅದೇ. ಆಮೇಲೆ ಗೊತ್ತಾಯ್ತು, ತಪ್ಪು ನನ್ನದೇ. ದೂರಕ್ಕೆ ಅಂತ ಜೋರಾಗಿ ಕಳಿಸೋ ಸಿಗ್ನಲ್ ಮಗ್ಗುಲಲ್ಲೇ ಇರೋ ರಿಸೀವರ್‌ಗೆ ಕಿವಿಗೆ ಬಾಯಿಟ್ಟು ಕೂಗಿದ ಹಾಗೆ ಆಗುತ್ತೆ, ಅದಕ್ಕೆ ಮಾತು ತಿಳಿಯಲ್ಲ. ಮೆನುವಿನಲ್ಲಿ ದೂರ 1-100 ಮೀಟರ್ ಅಂತ ಇದ್ದಿದ್ದನ್ನ 0-30ಕ್ಕೆ ಹಾಕಬೇಕಿತ್ತು. ಹಾಕಿದ ಮೇಲೆ ತೊಂದರೆ ಇಲ್ಲ. ಮ್ಯಾಕ್ರೊ (ತೀರಾ ಹತ್ತಿರದಿಂದ ಸಣ್ಣ ಜೀವಿಗಳ ಫೋಟೊ) ಮಾಡೋರು ಟ್ರಿಗರ್ ತಗೊಳ್ಳುವಾಗ ನೂರು ಮೀಟರ್ ರೇಂಜ್ ನೋಡಿ ಮರುಳಾಗ್ಬೇಡಿ, ಹತ್ತಿರದ ಸೆಟ್ಟಿಂಗ್ ಇದೆಯಾ ಅಂತ ಕೇಳಿ. ಕಪ್ಪೆಗೂ ಪವರ್ 1/64, 1/128 ಸಾಕು, ಅದರ ಕಣ್ಣಿಗೂ ಪಾಪ, ಎರಡು ಮೂರು ಫೋಟೊ ಹೊಡೆದು ಬಿಟ್ಬಿಡಿ.

ಸೆಲ್ ಬಗ್ಗೆ ಒಂದು ಮಾತು. ರೀಚಾರ್ಜೆಬಲ್ ಎನ್‌ಐಎಂಎಚ್ ಎಎ ಸೆಲ್, ನಾನು ಎನೆಲೂಪ್ ಬಳಸ್ತೀನಿ, ಫ್ಲ್ಯಾಶಿಗೆ ನಾಲ್ಕು, ಟ್ರಿಗರ್‌ಗೆ ಎರಡು. ಎಎಎ ಅಥವಾ ಬಟನ್ ಸೆಲ್ ಕೇಳೋ ಟ್ರಿಗರ್‌ಗಿಂತ ಫ್ಲ್ಯಾಶಿನ ಸೆಲ್ಲೇ ಕೇಳೋದು ವಾಸಿ, ಬ್ಯಾಗಲ್ಲಿ ಒಂದೇ ಜಾತಿ ಇದ್ರೆ ಸಾಕು. ಕೆಲಸ ಮುಗಿದ ಮೇಲೆ ತೆಗೆದಿಡಿ. ಆ ಬಿಸ್ಕೆಟ್ ಡಬ್ಬದಲ್ಲಿರೋ ಎರಡು ರಿಸೀವರ್ ಹಾಳಾಗಿದ್ದು ಬೇರೆ ಯಾವುದಕ್ಕೂ ಅಲ್ಲ, ಸಾದಾ ಸೆಲ್ ಒಳಗೇ ಬಿಟ್ಟು ಮರೆತು ಅದು ಸೋರಿ ಸ್ಪ್ರಿಂಗ್ ಹಸಿರಾಗಿದೆ. ಬರೀತಾ ಬರೀತಾ ಅದನ್ನ ತೆಗೆದು ವಿನೆಗರ್ ಹಚ್ಚಿ ಉಜ್ಜಿ ನೋಡ್ದೆ, ಒಂದರ ಲೈಟ್ ಹತ್ತಿದೆ. ಹೆಂಡತಿಗೆ ತೋರಿಸ್ದೆ. "ಹಾಗಾದ್ರೆ ಇನ್ನೊಂದು ಗುಜರಿಗೆ ತಾನೆ" ಅಂದ್ಲು.