ವಿಮಾನದ ಮೈಯಲ್ಲಿ ರಿವೆಟ್ ಪಕ್ಕದ ಬಿರುಕು ಎಷ್ಟು ಬೇಗ ಬೆಳೆಯುತ್ತದೆ? ಕೈಲೆಕ್ಕ ಹಾಕೋಣ

ಮೊದಲು ಒಂದು ವಿಷಯ. ವಿಮಾನ ಎಷ್ಟು ಗಂಟೆ ಹಾರಿದೆ ಅಂತ ಕೇಳಬೇಡಿ, ಎಷ್ಟು ಸಲ ಏರಿ ಇಳಿದಿದೆ ಅಂತ ಕೇಳಿ. ಪ್ರತಿ ಸಲ ಒಳಗೆ ಗಾಳಿ ಒತ್ತಡ ತುಂಬಿದಾಗ ಅದರ ಮೈ ಉಬ್ಬುತ್ತದೆ, ಇಳಿದಾಗ ಸಡಿಲವಾಗುತ್ತದೆ. ಬಿರುಕಿಗೆ ಅದೇ ಊಟ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಛಾವಣಿ ಆಕಾಶದಲ್ಲೇ ಕಿತ್ತು ಹೋಯಿತಲ್ವಾ, ಅದು ಹಾರಿದ್ದು ಬರೀ 35,496 ಗಂಟೆ. ಆದರೆ ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ, ಒಟ್ಟು 89,680.

ಅದೇ ಥರದ ಜಾಯಿಂಟ್ ಹಿಡಿಯೋಣ. ತಗಡಿನ ಮೇಲೆ ತಗಡು, ಎರಡನ್ನೂ ಬಿಗಿಯುವ ಲೋಹದ ಮೊಳೆ, ಅಂದರೆ ರಿವೆಟ್, ಸಾಲಾಗಿ.

ತಗಡಿನ ಸ್ಟ್ರೆಸ್ (ಪ್ರತಿ ಚದರ ಅಳತೆಗೆ ಬೀಳುವ ಎಳೆತ) ಸುಲಭ: ಒಳಗಿನ ಗಾಳಿ ಒತ್ತಡವನ್ನು ವಿಮಾನದ ಮೈಯ ತ್ರಿಜ್ಯದಿಂದ ಗುಣಿಸಿ, ತಗಡಿನ ದಪ್ಪದಿಂದ ಭಾಗಿಸಿ. 0.052 ಮೆಗಾಪಾಸ್ಕಲ್, 1,880 ಮಿ.ಮೀ., 0.9 ಮಿ.ಮೀ. ಹಾಕಿದರೆ ಸುಮಾರು 108 ಮೆಗಾಪಾಸ್ಕಲ್.

ಈಗ ಡೆಲ್ಟಾ ಕೆ. ಹಾಲಿನ ಪ್ಯಾಕೆಟ್ಟನ್ನು ಸುಮ್ನೆ ಎಳೆದರೆ ಹರಿಯುವುದಿಲ್ಲ, ಮೂಲೆಯಲ್ಲಿ ಹಲ್ಲಿನಿಂದ ಚೂರು ಕಚ್ಚಿ ಎಳೆಯಿರಿ, ಸರ್ರನೆ ಹೋಗುತ್ತದೆ. ಆ ಕಚ್ಚಿದ ತುದಿಯಲ್ಲಿ ಎಳೆತ ಎಷ್ಟು ತೀವ್ರವಾಗಿದೆ ಅನ್ನುವ ಅಳತೆ ಇದು: ಸ್ಟ್ರೆಸ್ ಗುಣಿಸು, ಪೈ ಮತ್ತು ಬಿರುಕಿನ ಉದ್ದದ ಗುಣಲಬ್ಧದ ವರ್ಗಮೂಲ. ಉದ್ದವನ್ನು ರಂಧ್ರದ ನಡುವಿನಿಂದ ಅಳೆಯಿರಿ, ಮೀಟರಿನಲ್ಲಿ ಹಾಕಿ (ಇಲ್ಲಿ ಮಿ.ಮೀ. ಹಾಕಿ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ). 5 ಮಿ.ಮೀ.ಗೆ 13.5 ಬರುತ್ತದೆ.

ಇದರ ಘನವನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಒಂದು ಹಾರಾಟಕ್ಕೆ ಬಿರುಕು ಎಷ್ಟು ಬೆಳೆಯಿತು ಅಂತ ಸಿಗುತ್ತದೆ. ಇದು ಪ್ಯಾರಿಸ್ ನಿಯಮ. ವಿಮಾನದ ತಗಡಿಗೆ ಬಳಸುವ 2024-ಟಿ3 ಅನ್ನುವ ಅಲ್ಯೂಮಿನಿಯಂಗೆ ಒರಟು ಲೆಕ್ಕಕ್ಕೆ ಆ ಸ್ಥಿರಾಂಕ 10ರ ಘಾತ ಮೈನಸ್ 10 ಅಂದುಕೊಂಡರೆ ಸಾಕು. ಅಂದರೆ 5 ಮಿ.ಮೀ. ಬಿರುಕು 1,000 ಹಾರಾಟಕ್ಕೆ ಕಾಲು ಮಿ.ಮೀ. ಬೆಳೆಯುತ್ತದೆ. 10 ಮಿ.ಮೀ. ಆದಮೇಲೆ ಅಷ್ಟೇ ಹಾರಾಟಕ್ಕೆ 0.7.

ಒಂದೊಂದೇ ಮಿ.ಮೀ. ಹೆಜ್ಜೆಯಲ್ಲಿ ಕೂಡಿಸುತ್ತಾ ಹೋಗಿ. ಹೆಜ್ಜೆಯ ಶುರುವಿನ ವೇಗ ಹಿಡಿದರೆ ಲೆಕ್ಕ ಸುಳ್ಳು ಧೈರ್ಯ ಕೊಡುತ್ತದೆ, 5ರಿಂದ 10 ಮಿ.ಮೀ.ಗೆ 13,200 ಹಾರಾಟ ಅನ್ನುತ್ತದೆ. ಕೊನೆಯ ವೇಗ ಹಿಡಿಯಿರಿ, 10,600 ಬರುತ್ತದೆ. ಒಂದು ತಪಾಸಣೆಯಲ್ಲಿ ತಪ್ಪಿದರೂ ಮುಂದಿನದರಲ್ಲಿ ಸಿಗಲಿ ಅಂತ ಮೂರರಿಂದ ಭಾಗಿಸಿ: ಸುಮಾರು 3,500 ಹಾರಾಟಕ್ಕೊಮ್ಮೆ ತಪಾಸಣೆ. ದಿನಕ್ಕೆ ಎಂಟು ಹಾರಾಟ ಇದ್ದರೆ ವರ್ಷದ ಮೇಲೆ ಎರಡೂವರೆ ತಿಂಗಳು.

10ಕ್ಕೇ ಯಾಕೆ ನಿಲ್ಲಿಸಿದ್ದು? ರಿವೆಟ್‌ಗಳ ನಡುವೆ 25 ಮಿ.ಮೀ. ಇದೆ. ಪಕ್ಕದ ರಿವೆಟ್‌ನಲ್ಲೂ ಅಷ್ಟೇ ಬಿರುಕಿದ್ದರೆ ನಡುವೆ ಉಳಿಯುವುದು ಬರೀ 5. ಅಲೋಹಾ ವಿಮಾನದಲ್ಲಿ ಕೆಟ್ಟದ್ದು ಇದೇ: ತಗಡುಗಳ ನಡುವಿನ ಅಂಟು ಬಿಟ್ಟಿತು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು, ರಿವೆಟ್ ತಲೆ ಕೂರಲು ಕೊರೆದ ರಂಧ್ರದ ಅಂಚು ಚಾಕುವಿನಂತೆ ಚೂಪಾಗಿತ್ತು, ಮೇಲಿನ ಸಾಲಿನಲ್ಲಿ ಒಂದಲ್ಲ, ಹಲವು ಕಡೆ ಬಿರುಕು ಹುಟ್ಟಿ ಒಂದಕ್ಕೊಂದು ಕೂಡಿಕೊಂಡವು. ನಮ್ಮ ಲೆಕ್ಕದಲ್ಲಿ ನೆರೆಯ ಬಿರುಕೂ ಇಲ್ಲ, ರಿವೆಟ್ ಒತ್ತುವ ಭಾರವೂ ಇಲ್ಲ, ಜಾಯಿಂಟ್ ಬಾಗುವುದೂ ಇಲ್ಲ. ಈ ಮೂರನ್ನೂ ಸೇರಿಸಿದರೆ ಹಾರಾಟಗಳ ಸಂಖ್ಯೆ ಇನ್ನೂ ಇಳಿಯುತ್ತದೆ. ಹಾಗಾಗಿ ನಿಜವಾದ ವಿಮಾನಕ್ಕೆ ಇದನ್ನು ಬಳಸಬೇಡಿ, ಕಂಪ್ಯೂಟರ್ ಕೊಟ್ಟ ಉತ್ತರ ನಂಬುವ ಹಾಗಿದೆಯಾ ಅಂತ ನೋಡುವುದಕ್ಕೆ ಮಾತ್ರ.

ತಪಾಸಣೆಗೆ ಹೋದಾಗಲೂ ಅಷ್ಟೇ. ಬಿರುಕಿನ ಮೊದಲ ಕೆಲವು ಮಿ.ಮೀ. ರಿವೆಟ್ ತಲೆಯ ಕೆಳಗೇ ಅಡಗಿರುತ್ತವೆ, ಟಾರ್ಚ್ ಹಿಡಿದರೆ ಕಾಣುವುದಿಲ್ಲ, ಎಡ್ಡಿ ಕರೆಂಟ್ ಪ್ರೋಬ್ (ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಬಿರುಕು ಪತ್ತೆ ಮಾಡುವ ಸಾಧನ) ಬೇಕು. ಒಂದು ರಿವೆಟ್‌ನಲ್ಲಿ ಬಿರುಕು ಸಿಕ್ಕಿತು ಅಂದರೆ ಅದಕ್ಕೆ ಮಾತ್ರ ಗುರುತು ಹಾಕಿ ಎದ್ದು ಬರಬೇಡಿ, ಆ ಸಾಲಿನ ಎಲ್ಲವನ್ನೂ ನೋಡಿ.