ಬೀಡಾಡಿ ಕೋಳಿ ಹಿಡಿಯಲು ಹಗಲು ಓಡಬೇಡಿ

ಹಗಲು ಹೊತ್ತಿನಲ್ಲಿ ಕೋಳಿಯ ಹಿಂದೆ ಓಡಿದವರಿಗೆ ದಕ್ಕುವುದು ಏದುಸಿರು ಮಾತ್ರ. ಯಾರೂ ಸಾಕದೆ, ಮರದ ಮೇಲೆ ಮಲಗಿ, ಪೊದೆಯಲ್ಲಿ ಮರಿ ಮಾಡಿಕೊಂಡು ಬೆಳೆದ ಕೋಳಿಗಳು ಪಾತಿ ಕೆದಕಿ, ಜಗಲಿ ತುಂಬ ಹಿಕ್ಕೆ ಹಾಕುತ್ತಿದ್ದರೆ ಎರಡು ಮೂರು ದಿನ ಸುಮ್ಮನೆ ಗಮನಿಸಿ. ಎಲ್ಲಿ ಮೇಯುತ್ತವೆ, ಎಲ್ಲಿ ಮೊಟ್ಟೆ ಇಡುತ್ತವೆ, ಸಂಜೆ ಯಾವ ಕೊಂಬೆ ಹತ್ತುತ್ತವೆ ಎಂಬುದು ಗೊತ್ತಾಗಲಿ.

ಅಷ್ಟರಲ್ಲಿ ನೆರೆಹೊರೆಯಲ್ಲಿ ವಿಚಾರಿಸಿಬಿಡಿ. ಬೀಡಾಡಿ ಎಂದುಕೊಂಡದ್ದು ಪಕ್ಕದ ಮನೆಯದಾಗಿದ್ದರೆ ಜಗಳ ಕೋಳಿಗಿಂತ ದೊಡ್ಡದಾಗುತ್ತದೆ. ಕಾಡಂಚಿನ ಮನೆಯಾದರೆ ಇನ್ನೊಂದು ಎಚ್ಚರ: ಊರಕೋಳಿಯ ಮೂಲವೇ ಕೆಂಪು ಕಾಡುಕೋಳಿ, ಹಾಗಾಗಿ ಕೆಲವು ಹುಂಜಗಳು ಅದರಂತೆಯೇ ಕಾಣುತ್ತವೆ. ಕಾಡುಕೋಳಿ ಹಿಡಿಯುವುದು ಹಲವೆಡೆ ಅಪರಾಧ.

ಮೊದಲ ಕೆಲಸ, ಮೇವು ನಿಲ್ಲಿಸುವುದು. ನಾಯಿಯ ತಟ್ಟೆಯಲ್ಲಿ ಉಳಿದದ್ದು, ದನದ ಕೊಟ್ಟಿಗೆಯಲ್ಲಿ ಚೆಲ್ಲಿದ ಕಾಳು, ಮುಚ್ಚದ ಗೊಬ್ಬರದ ಗುಂಡಿ, ಇವೆಲ್ಲ ಅವಕ್ಕೆ ದಿನನಿತ್ಯದ ಊಟ. ಪಾತಿಗಳ ಮಣ್ಣಿನ ಮೇಲೆ ತಂತಿಬಲೆ ಹಾಸಿ ಅಂಚಿಗೆ ಕಲ್ಲು ಹೇರಿದರೆ ಕೆದಕಲಾಗದೆ ಬೇಸತ್ತು ಹೋಗುತ್ತವೆ.

ಜನ ಸಾಮಾನ್ಯವಾಗಿ ತಪ್ಪುವುದು ಮುಂದಿನ ಹಂತದಲ್ಲಿ. ಕೂಗಿ ನಿದ್ದೆ ಕೆಡಿಸುವುದು ಹುಂಜವಾದ್ದರಿಂದ ಅದನ್ನೇ ಮೊದಲು ಹಿಡಿಯುತ್ತಾರೆ. ನಿದ್ದೆಯೇನೋ ಬರುತ್ತದೆ, ಸಂತಾನ ನಿಲ್ಲುವುದಿಲ್ಲ. ಹುಂಜ ಹೋದ ಮೇಲೂ ಸುಮಾರು 2 ವಾರ ಹೇಂಟೆ ಫಲವತ್ತಾದ ಮೊಟ್ಟೆ ಇಡಬಲ್ಲದು. ಅಷ್ಟರಲ್ಲಿ ಇನ್ನೊಂದು ಹುಂಜ ಹಾಜರಾಗಿರುತ್ತದೆ. ಆದ್ದರಿಂದ ಕಣ್ಣು ಹೇಂಟೆಯ ಮೇಲಿರಲಿ. ಅದು ಒಂದಷ್ಟು ಮೊಟ್ಟೆ ಕೂಡಿದ ಮೇಲೆಯೇ ಕಾವಿಗೆ ಕೂರುತ್ತದೆ, 21 ದಿನಕ್ಕೆ ಮರಿ. ಕಾವಿಗೆ ಕೂರುವ ಮೊದಲೇ ಮೊಟ್ಟೆ ತೆಗೆಯಿರಿ. ಆದರೆ ಗೂಡು ಪೂರ್ತಿ ಬರಿದು ಮಾಡಿದರೆ ಹೇಂಟೆ ನಿಮಗೆ ಸಿಗದ ಜಾಗ ಹುಡುಕಿಕೊಳ್ಳುತ್ತದೆ. ಮರದ್ದೋ ಪ್ಲಾಸ್ಟರಿನದೋ ಒಂದೆರಡು ಹುಸಿಮೊಟ್ಟೆ ಬಿಟ್ಟರೆ ಅಲ್ಲೇ ಇಡುತ್ತಿರುತ್ತದೆ.

ಹಿಡಿಯಲು ರಾತ್ರಿಯೇ ಸರಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ, ಕೂತಲ್ಲಿಂದ ಕದಲುವುದಿಲ್ಲ. ಮಂದ ಬೆಳಕಿನ ಟಾರ್ಚ್ ಹಿಡಿದು ಸದ್ದಿಲ್ಲದೆ ಹೋಗಿ, ಎರಡೂ ಕೈಯಿಂದ ರೆಕ್ಕೆ ಮೈಗೊತ್ತಿ ಎತ್ತಿ, ಗಾಳಿಯಾಡುವ ಪೆಟ್ಟಿಗೆಗೆ ಇಳಿಸಿ. ಒಂದೇ ಕಾಲು ಹಿಡಿದು ಎಳೆದರೆ ಮುರಿಯಬಹುದು. ಕೈಗೆಟುಕದ ಎತ್ತರದಲ್ಲಿ ಕೂತರೆ ಏಣಿ ಹತ್ತುವ ಸಾಹಸ ಬೇಡ. ಹತ್ತಲು ಮೆಟ್ಟಿಲಾಗುವ ಕೆಳಗಿನ ಕೊಂಬೆಗಳನ್ನು ಸವರಿ. ಇಲ್ಲವೇ ಬೋನಿನ ಬಾಗಿಲು ತೆರೆದಿಟ್ಟು ಕೆಲವು ದಿನ ಒಳಗೆ ಕಾಳು ಹಾಕಿ, ರೂಢಿಯಾದ ಮೇಲೆ ಬಾಗಿಲು ಬೀಳಿಸಿ. ಬೋನಿಗೆ ನೆರಳು, ನೀರು ಇರಲಿ. ದಿನಕ್ಕೆ ಹಲವು ಸಲ ನೋಡುತ್ತಿರಿ.

ಹಿಡಿದದ್ದನ್ನು ದೂರದಲ್ಲಿ ಬಿಟ್ಟು ಬರುವುದೆಂದರೆ ನಿಮ್ಮ ತಲೆನೋವನ್ನು ಇನ್ನೊಬ್ಬರ ಅಂಗಳಕ್ಕೆ ಸಾಗಿಸಿದಂತೆ. ಸಾಕುವವರಿಗೆ ಕೊಡಿ. ನೀವೇ ಸಾಕುವುದಾದರೆ 30 ದಿನ ಬೇರೆ ಗೂಡಿನಲ್ಲಿಡಿ, ಕೋಳಿಗಳ ಅಂಟುರೋಗವಾದ ಕೊಕ್ಕರೆ ರೋಗ (ರಾಣಿಖೇತ್) ಮನೆಯ ಕೋಳಿಗಳಿಗೆ ಹಬ್ಬದಿರಲು. ಒಣಗಿದ ಹಿಕ್ಕೆಯನ್ನು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ಗುಡಿಸಿ. ಒಂದೆರಡಕ್ಕಿಂತ ಹೆಚ್ಚು ಕೋಳಿ ಸತ್ತುಬಿದ್ದದ್ದು ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.