ಸಕ್ಕರೆ ಕಾಯಿಲೆಗೆ ರೊಟ್ಟಿ ಊಟ: ಎಷ್ಟು, ಹೇಗೆ

ವಿಜಯಪುರದ ಕಡೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಕೂಡಲೇ ಸಿಗುವ ಸಲಹೆ ಒಂದೇ: ಅನ್ನ ಬಿಡಿ, ಜೋಳದ ರೊಟ್ಟಿ ಎಷ್ಟಾದರೂ ತಿನ್ನಿ. ಇದರಲ್ಲಿ ಅರ್ಧ ಮಾತ್ರ ಸರಿ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು, ನಿಜ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುವುದರಿಂದ, ಲೆಕ್ಕವಿಲ್ಲದೆ ಉಂಡರೆ ರೊಟ್ಟಿಯಿಂದಲೂ ಸಕ್ಕರೆ ಏರುತ್ತದೆ.

ಆದ್ದರಿಂದ ಒಂದು ದಿನ ಹಿಟ್ಟು ನಾದುವ ಮುನ್ನ ಅದನ್ನು ತೂಗಿ, ಎಷ್ಟು ರೊಟ್ಟಿಯಾಯಿತೆಂದು ಎಣಿಸಿ ನೋಡಿ. ಒಂದಕ್ಕೆ 50 ಗ್ರಾಂ ಹಿಟ್ಟು ಹಿಡಿದಿದ್ದರೆ ಅದರಲ್ಲಿ 35 ಗ್ರಾಂ ಕಾರ್ಬೋಹೈಡ್ರೇಟ್ ಇದೆಯೆಂದು ತಿಳಿಯಿರಿ. ಖಡಕ್ ರೊಟ್ಟಿಯಲ್ಲಿ ಈ ಲೆಕ್ಕ ತಪ್ಪುವುದು ಬಹಳ ಸುಲಭ. ಮಾತನಾಡುತ್ತ ಮುರಿದು ತಿನ್ನುವವರಿಗೆ ಮೂರು ಮುಗಿದದ್ದೇ ತಿಳಿಯುವುದಿಲ್ಲ.

ತಟ್ಟೆಯ ಅರ್ಧಭಾಗಕ್ಕೆ ಮೆಂತ್ಯ, ಪುಂಡಿ ಅಥವಾ ಹೀರೇಕಾಯಿ ಪಲ್ಯದ ಜೊತೆ ಹಸಿ ಸೌತೆಕಾಯಿ, ಮೂಲಂಗಿ ಇರಲಿ; ಕಾಲುಭಾಗಕ್ಕೆ ಮಡಿಕೆ ಅಥವಾ ಹೆಸರುಕಾಳು; ಉಳಿದ ಕಾಲುಭಾಗವಷ್ಟೇ ರೊಟ್ಟಿಗೆ. ಮೊದಲು ಹಸಿ ತರಕಾರಿ ಮತ್ತು ಕಾಳು ತಿಂದು ಆಮೇಲೆ ರೊಟ್ಟಿ ಮುರಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಶೇಂಗಾ ಚಟ್ನಿಗೆ ಅಡ್ಡಿಯಿಲ್ಲ, ಎಣ್ಣೆ ಮಿತವಾಗಿರಲಿ. ನಮ್ಮ ಊಟದಲ್ಲಿ ನಿಜವಾಗಿ ಕೆಡುವುದು ಕೊನೆಯ ಘಟ್ಟ: ರೊಟ್ಟಿ ಮುಗಿದ ಮೇಲೆ ರೂಢಿಯಂತೆ ಬರುವ ಅನ್ನ-ಸಾರು. ಅನ್ನ ಬೇಕೆನಿಸಿದ ದಿನ ಒಂದು ರೊಟ್ಟಿ ಕಡಿಮೆ ಮಾಡಿ. ಎರಡೂ ಪೂರ್ತಿ ಬೇಡ. ಬೆಲ್ಲದ ಚಹಾ ಸಕ್ಕರೆಯ ಚಹಾಕ್ಕಿಂತ ಮೇಲಲ್ಲ. ಇಲ್ಲಿ ಮನೆಮನೆಯಲ್ಲಿರುವ ಒಣದ್ರಾಕ್ಷಿಯ ತೂಕದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು. ರಾತ್ರಿ ಊಟವಾದ ಮೇಲಿನ ಹತ್ತು-ಹದಿನೈದು ನಿಮಿಷದ ನಡಿಗೆಯೂ ಇದರಲ್ಲಿ ಸೇರಲಿ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಹೊರಡಿ. ಹೊಲಕ್ಕಾಗಲಿ ಗುಡಿಯ ಅಂಗಳಕ್ಕಾಗಲಿ ಬರಿಗಾಲಲ್ಲಿ ಹೋಗಿಬಂದವರು, ಕಾಲಿನ ಸ್ಪರ್ಶ ಮಂಕಾಗಿ ಬೊಬ್ಬೆ ಎದ್ದದ್ದೂ ತಿಳಿಯದಿರಬಹುದಾದ್ದರಿಂದ, ದಿನವೂ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ರಕ್ತದ ಸಕ್ಕರೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 80ರಿಂದ 130 ಮಿಲಿಗ್ರಾಂ, ಊಟ ಆರಂಭಿಸಿದ ಎರಡು ಗಂಟೆಯ ನಂತರ 180ಕ್ಕಿಂತ ಕಡಿಮೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ. 7ಕ್ಕಿಂತ ಕಡಿಮೆ ಇರಬೇಕು. ವಯಸ್ಸಾದವರಿಗೆ ವೈದ್ಯರು ಬೇರೆ ಗುರಿ ಹೇಳಬಹುದು. ಅಂಕಿಗಳು ಇಳಿದವೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು.

ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಶ್ರಾವಣ ಸೋಮವಾರದ ಉಪವಾಸಕ್ಕಾಗಲಿ ರಂಜಾನ್ ರೋಜಾಕ್ಕಾಗಲಿ ಮುನ್ನವೇ ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಕೈ ನಡುಗಿ, ಬೆವರಿ, ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸ ಮುರಿದು, ಮೂರು-ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು.